ಹಟ್ಟಿ–ಕೊಟ್ಟಿಗೆ: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಈ ತಿಂಗಳ ಪತ್ರಗಳಲ್ಲಿ ಹೆಚ್ಚಿನವು ಕುರಿಗಳನ್ನು ಕುರಿತವು. ನಡುವೆ ಒಂದು ಕುದುರೆ, ಒಂದು ಎಮ್ಮೆ ಬಂದಿವೆ. ಹೆಸರು ಬೇಡವೆಂದು ಹಲವರು ಕೇಳಿಕೊಂಡಿರುವುದರಿಂದ ಎಲ್ಲರದೂ ಊರಿನ ಸುಳಿವನ್ನಷ್ಟೇ ಉಳಿಸಿದ್ದೇನೆ.

ಹಿರಿಯೂರು ತಾಲ್ಲೂಕಿನ ಓದುಗರು: ನಮ್ಮದು ಅರವತ್ತು ಕುರಿಗಳ ಮಂದೆ. ಮುಂಗಾರಿನ ಮೊದಲ ಎರಡು ಹದಮಳೆ ಬಿದ್ದು ಬೀಳುಗಳಲ್ಲಿ ಹುಲ್ಲು ಚಿಗುರಿದ ವಾರದಲ್ಲೇ ಐದು ಮರಿಗಳು ಸತ್ತವು. ಸಂಜೆ ಹೊಟ್ಟೆ ತುಂಬ ಮೇದು ಬಂದ ಮರಿಗಳು ಬೆಳಗಾಗುವಷ್ಟರಲ್ಲಿ ಕತ್ತು ಹಿಂದಕ್ಕೆ ಸೆಟೆದು ಬಿದ್ದಿರುತ್ತಿದ್ದವು. ಸತ್ತವೆಲ್ಲ ಮೈದುಂಬಿದ ಮರಿಗಳೇ. ಬಡಕಲು ಮರಿಗಳಿಗೆ ಏನೂ ಆಗಲಿಲ್ಲ. ಊರಿನವರು ದೃಷ್ಟಿ ತಾಗಿದೆ ಎನ್ನುತ್ತಾರೆ. ಹಾವು ಕಚ್ಚಿರಬಹುದೇ ಎಂಬ ಅನುಮಾನ ನನ್ನದು.

ಉತ್ತರ: ಹಾವು ಮಂದೆಯಲ್ಲಿ ಕೊಬ್ಬಿದ ಮರಿಯನ್ನೇ ಹುಡುಕಿ ಐದು ಬಾರಿ ಕಚ್ಚುವುದಿಲ್ಲ. ಹೊಸ ಹುಲ್ಲು, ಮೈದುಂಬಿದ ಮರಿ, ರಾತ್ರೋರಾತ್ರಿ ಸಾವು ಎಂದು ನೀವು ಬರೆದಿರುವ ಮೂರು ಸಂಗತಿಗಳೂ ಕರುಳುಬೇನೆಯ ಕಡೆಗೆ, ಅಂದರೆ ಪಶು ಆಸ್ಪತ್ರೆಯಲ್ಲಿ ಇ.ಟಿ. ಎಂದು ಕರೆಯುವ ರೋಗದ ಕಡೆಗೆ ಬೆರಳು ತೋರಿಸುತ್ತವೆ. ಇದರ ರೋಗಾಣು ಹೊರಗಿನಿಂದ ಬರಬೇಕಾಗಿಲ್ಲ; ಆರೋಗ್ಯವಾಗಿರುವ ಕುರಿಯ ಕರುಳಿನಲ್ಲೂ ಅದು ಅಲ್ಪಸ್ವಲ್ಪ ಇದ್ದೇ ಇರುತ್ತದೆ. ಬೇಸಿಗೆಯುದ್ದಕ್ಕೂ ಒಣ ಕಡ್ಡಿ, ಜಾಲಿಕಾಯಿ ತಿಂದು ಬದುಕಿದ್ದ ಕುರಿ ಒಂದೇ ದಿನ ಹೊಟ್ಟೆ ಬಿರಿಯುವಷ್ಟು ಎಳೆಹುಲ್ಲು ಮೇದಾಗ, ಅದರ ದೊಡ್ಡ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೆ ಹೊಸ ಮೇವಿಗೆ ಒಗ್ಗಿಕೊಳ್ಳಲು ಸಮಯವೇ ಸಿಗುವುದಿಲ್ಲ. ಅರೆಬರೆ ಪಚನವಾದ ಸಕ್ಕರೆ, ಪಿಷ್ಟಗಳು ಸಣ್ಣಕರುಳಿಗೆ ಇಳಿಯುತ್ತವೆ, ಈ ರೋಗಾಣು ಅದನ್ನು ಉಂಡು ಗಂಟೆಗಳಲ್ಲಿ ಬೆಳೆಯುತ್ತದೆ, ಅದು ಬಿಡುವ ವಿಷ ರಕ್ತಕ್ಕೆ ಸೇರಿ ಮಿದುಳನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಹೆಚ್ಚು ಹಾಲು ಕುಡಿದು ಹೆಚ್ಚು ಮೇದ ಮರಿಯೇ ಮೊದಲು ಸಾಯುವುದು ಇದೇ ಕಾರಣಕ್ಕೆ. ದೃಷ್ಟಿ ತಾಗಿದೆ ಎಂದವರು ಕಂಡದ್ದು ಸರಿಯಾಗಿಯೇ ಇದೆ, ಹೇಳಿದ ಕಾರಣ ಮಾತ್ರ ಬೇರೆ.

ಈಗ ಮಾಡಬೇಕಾದ ಮೊದಲ ಕೆಲಸವೆಂದರೆ ಮಂದೆಯನ್ನು ಆ ಚಿಗುರಿನಿಂದ ಹೊರಗೆ ತರುವುದು. ಬೆಳಿಗ್ಗೆ ದೊಡ್ಡಿಯಲ್ಲೇ ಸ್ವಲ್ಪ ಒಣ ಹೊಟ್ಟು ಅಥವಾ ಶೇಂಗಾ ಬಳ್ಳಿ ತಿನ್ನಿಸಿ, ಇಬ್ಬನಿ ಆರಿದ ಮೇಲೆ ಮೊದಲ ದಿನ ಒಂದು ಗಂಟೆ, ಮರುದಿನ ಎರಡು ಗಂಟೆ ಎಂಬಂತೆ ಹೊಸ ಹುಲ್ಲಿಗೆ ಬಿಡುತ್ತ ಹೋದರೆ ಏಳರಿಂದ ಹತ್ತು ದಿನದಲ್ಲಿ ಅವು ಹೊಂದಿಕೊಳ್ಳುತ್ತವೆ. ಬಿದ್ದ ಮರಿಗೆ ಔಷಧಿ ಕೊಟ್ಟು ಉಳಿಸಿಕೊಂಡದ್ದು ನನ್ನ ಅನುಭವದಲ್ಲಿ ಬಹಳ ಕಡಿಮೆ. ಈ ರೋಗಕ್ಕೆ ಲಸಿಕೆಯೇ ದಾರಿ. ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ಈ ಲಸಿಕೆ ತಯಾರಾಗುತ್ತದೆ, ನಿಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿ. ಮೊದಲ ಬಾರಿ ಹಾಕಿಸುವಾಗ ಎರಡು ಮೂರು ವಾರಗಳ ಅಂತರದಲ್ಲಿ ಎರಡು ಸಲ ಹಾಕಿಸಬೇಕು, ಆಮೇಲೆ ಪ್ರತಿ ವರ್ಷ ಮುಂಗಾರಿಗೆ ಮುಂಚೆ ಒಂದು ಸಲ. ಮಳೆ ಬಿದ್ದ ಮೇಲೆ ಹಾಕಿಸಿದ ಲಸಿಕೆ ಮೈಗೂಡುವುದಕ್ಕೆ ಸುಮಾರು ಎರಡು ವಾರ ಬೇಕು. ಹುಲ್ಲು ಅಷ್ಟು ದಿನ ಕಾಯುವುದಿಲ್ಲ. ಗಬ್ಬದ ಕುರಿಗಳಿಗೆ ಈಯುವ ಮುಂಚಿನ ತಿಂಗಳಲ್ಲಿ ಹಾಕಿಸಿದರೆ ಗಿಣ್ಣುಹಾಲಿನ ಮೂಲಕ ಮರಿಗಳಿಗೂ ಮೊದಲ ಕೆಲವು ವಾರಗಳ ರಕ್ಷಣೆ ಸಿಗುತ್ತದೆ.

ಇನ್ನೊಂದು ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇದ್ದಕ್ಕಿದ್ದಂತೆ ಸತ್ತ ಪ್ರಾಣಿಯ ಮೂಗು, ಬಾಯಿ, ಗುದದ್ವಾರವನ್ನು ಮೊದಲು ನೋಡಿ. ಅಲ್ಲಿ ಕಪ್ಪಾದ, ಹೆಪ್ಪುಗಟ್ಟದ ರಕ್ತ ಒಸರುತ್ತಿದ್ದರೆ ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು. ಅಂಥ ಹೆಣವನ್ನು ಯಾವ ಕಾರಣಕ್ಕೂ ಕೊಯ್ಯಬಾರದು, ಚರ್ಮ ಸುಲಿಯಬಾರದು, ಮಾಂಸವನ್ನು ಹಂಚಿಕೊಳ್ಳುವ ಮಾತಂತೂ ದೂರ. ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಹಟ್ಟಿಯೊಂದರಲ್ಲಿ ಸತ್ತ ಕುರಿಯನ್ನು ಕರುಳುಬೇನೆಯೆಂದೇ ನಂಬಿ, ಸುತ್ತ ನಿಂತವರಿಗೆ ಮೂತ್ರಪಿಂಡ ಹೇಗೆ ಮೆತ್ತಗಾಗಿರುತ್ತದೆಂದು ತೋರಿಸುವ ಉತ್ಸಾಹದಲ್ಲಿ ಮೂಗನ್ನೂ ನೋಡದೆ ಹೊಟ್ಟೆ ಸೀಳಿದೆ. ಹರಿದ ರಕ್ತ ಡಾಂಬರಿನಂತಿತ್ತು, ಎಷ್ಟು ಹೊತ್ತಾದರೂ ಹೆಪ್ಪುಗಟ್ಟಲಿಲ್ಲ. ನಾಲ್ಕನೆಯ ದಿನ ನನ್ನ ತೋರುಬೆರಳಿನ ಮೇಲೆ ನೋವಿಲ್ಲದ ಒಂದು ಗುಳ್ಳೆ ಎದ್ದು, ಅದರ ನಡುವೆ ಇದ್ದಿಲಿನಂಥ ಕಪ್ಪು ಹಕ್ಕಳೆ ಕಟ್ಟಿತು. ಪೆನಿಸಿಲಿನ್ ಉಳಿಸಿತು, ಕಲೆ ಇನ್ನೂ ಇದೆ. ಇಂಥ ಹೆಣವನ್ನು ಸತ್ತ ಜಾಗಕ್ಕೆ ಆದಷ್ಟು ಹತ್ತಿರದಲ್ಲಿ ಆರಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು ಅಥವಾ ಪೂರ್ತಿ ಸುಡಬೇಕು, ಮತ್ತು ಆಸ್ಪತ್ರೆಗೆ ತಿಳಿಸಲೇಬೇಕು. ಕಿವಿಯ ರಕ್ತನಾಳದಿಂದ ತೆಗೆದ ಒಂದು ಹನಿಯಲ್ಲೇ ರೋಗವನ್ನು ಗುರುತಿಸಬಹುದು.

ತೀರ್ಥಹಳ್ಳಿ ಕಡೆಯ ಓದುಗರು: ಅಡಿಕೆ ತೋಟದ ಕಳೆ ಮೇಯಲಿ, ಗೊಬ್ಬರವೂ ಆಗಲಿ ಎಂದು ಬಯಲುಸೀಮೆಯಿಂದ ಎಂಟು ಕುರಿ ತಂದೆವು. ಹಸುಗಳಿಗೆ ಕೊಡುವ ಖನಿಜ ಮಿಶ್ರಣವನ್ನೇ ಇವಕ್ಕೂ ಸ್ವಲ್ಪ ಕೊಡುತ್ತಿದ್ದೆವು. ಏಳು ತಿಂಗಳು ಚೆನ್ನಾಗಿದ್ದ ಕುರಿಗಳಲ್ಲಿ ಮೂರು ಈ ಮಳೆಗಾಲದಲ್ಲಿ ಎರಡೆರಡು ದಿನದೊಳಗೆ ಸತ್ತವು. ಕಣ್ಣು ಅರಿಸಿನದಂತೆ ಹಳದಿಯಾಗಿತ್ತು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕಿತ್ತು. ಜಾಂಡೀಸ್ ಎಂದು ನಾಟಿ ಔಷಧಿ ಮಾಡಿದೆವು. ಉಳಿದ ಐದನ್ನು ಹೇಗೆ ಉಳಿಸಿಕೊಳ್ಳುವುದು?

ಉತ್ತರ: ಕುರಿಗಳ ಕಾಯಿಲೆಗೆ ಕಾರಣ ಹುಡುಕುವಾಗ ನಾನು ಮೊದಲು ಕೇಳುವುದು, ಕಳೆದ ನಾಲ್ಕು ದಿನಗಳಲ್ಲಿ ಏನು ಬದಲಾಯಿತು ಎಂದು. ನಿಮ್ಮ ವಿಷಯದಲ್ಲಿ ಆ ಪ್ರಶ್ನೆ ನನ್ನನ್ನು ದಾರಿ ತಪ್ಪಿಸುತ್ತಿತ್ತು, ಏಕೆಂದರೆ ಕಾರಣ ಏಳು ತಿಂಗಳಿನಿಂದ ದಿನವೂ ಒಳಗೆ ಹೋಗುತ್ತಿತ್ತು. ನೀವು ವಿವರಿಸಿರುವುದು ತಾಮ್ರದ ವಿಷವೆಂದೇ ನನಗೆ ತೋರುತ್ತದೆ.

ಎಲ್ಲ ಪ್ರಾಣಿಗಳಿಗೂ ತಾಮ್ರ ಬೇಕು, ಆದರೆ ಹೆಚ್ಚಾದದ್ದನ್ನು ಹೊರಹಾಕುವ ಶಕ್ತಿ ಕುರಿಗೆ ಹಸುವಿಗಿರುವಷ್ಟು ಇಲ್ಲ. ಒಂದು ಕೆ.ಜಿ. ಒಣ ಮೇವಿನಲ್ಲಿ 10 ಮಿಲಿಗ್ರಾಂ ಒಳಗಿನ ತಾಮ್ರ ಕುರಿಗೆ ಸಾಕು. ಅದು 25 ಮಿಲಿಗ್ರಾಂ ದಾಟಿದರೆ ಅಪಾಯದ ದಾರಿ ಹಿಡಿದಂತೆ. ಹೆಚ್ಚಾದ ತಾಮ್ರ ಸದ್ದಿಲ್ಲದೆ ಯಕೃತ್ತಿನಲ್ಲಿ ಕೂಡುತ್ತ ಹೋಗುತ್ತದೆ, ಕುರಿ ಮೇಯುತ್ತಿರುತ್ತದೆ, ಮರಿಯನ್ನೂ ಹಾಕುತ್ತದೆ. ಒಂದು ದಿನ ಮಳೆಯಲ್ಲಿ ತೊಯ್ದು ನಡುಗಿದಾಗಲೋ, ಲಾರಿಯಲ್ಲಿ ಸಾಗಿಸಿದಾಗಲೋ, ನಾಯಿ ಅಟ್ಟಿಸಿಕೊಂಡು ಬಂದಾಗಲೋ ಯಕೃತ್ತು ಅದನ್ನೆಲ್ಲ ಒಮ್ಮೆಲೇ ರಕ್ತಕ್ಕೆ ಬಿಡುತ್ತದೆ. ಕೆಂಪು ರಕ್ತಕಣಗಳು ಒಡೆಯುತ್ತವೆ, ಮೂತ್ರ ಕಪ್ಪಾಗುತ್ತದೆ, ಒಂದೆರಡು ದಿನದಲ್ಲಿ ಎಲ್ಲ ಮುಗಿಯುತ್ತದೆ.

ಹಸುವಿನ ಖನಿಜ ಮಿಶ್ರಣ ಒಂದು ಮೂಲ. ಇನ್ನೊಂದು ನಿಮ್ಮ ತಲೆಯ ಮೇಲೆಯೇ ಇದೆ. ಕೊಳೆರೋಗಕ್ಕೆಂದು ಅಡಿಕೆ ಗೊನೆಗಳಿಗೆ ಹೊಡೆಯುವ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ಮೈಲುತುತ್ತ ಎಂದರೆ ತಾಮ್ರದ ಲವಣವೇ. ಮಳೆಗಾಲದಲ್ಲಿ ಕನಿಷ್ಠ ಎರಡು ಬಾರಿ ಮೇಲಿನಿಂದ ತೊಟ್ಟಿಕ್ಕುವ ಆ ದ್ರಾವಣ ನಿಮ್ಮ ಕುರಿಗಳು ಮೇಯುವ ಕಳೆಯ ಮೇಲೆಯೇ ಬೀಳುತ್ತದೆ. ಹಸು ಅದನ್ನು ತಡೆದುಕೊಳ್ಳುತ್ತದೆ, ಆಡು ಕೂಡ ಕುರಿಗಿಂತ ಗಟ್ಟಿ. ದ್ರಾಕ್ಷಿ ತೋಟಕ್ಕೆ ಕುರಿ ನುಗ್ಗಿಸುವವರಿಗೂ ಇದೇ ಎಚ್ಚರಿಕೆ.

ಉಳಿದ ಐದು ಕುರಿಗಳನ್ನು ಇಂದೇ ತೋಟದಿಂದ ಹೊರಗೆ ಕಟ್ಟಿ, ಆ ಮಿಶ್ರಣವನ್ನು ನಿಲ್ಲಿಸಿ, ಅವನ್ನು ಓಡಾಡಿಸದೆ, ಹೆದರಿಸದೆ ಇರಿಸಿಕೊಳ್ಳಿ. ಯಕೃತ್ತಿನಲ್ಲಿ ಕೂಡಿದ ತಾಮ್ರವನ್ನು ನಿಧಾನವಾಗಿ ಹೊರಗೆ ತರಲು ಮಾಲಿಬ್ಡಿನಂ ಮತ್ತು ಸಲ್ಫೇಟ್ ಲವಣಗಳನ್ನು ಕೆಲವು ವಾರ ಬಾಯಿಗೆ ಕೊಡುವ ಚಿಕಿತ್ಸೆ ಇದೆ, ಪ್ರಮಾಣವನ್ನು ವೈದ್ಯರೇ ನಿಗದಿ ಮಾಡಬೇಕು. ಮುಂದೆ ಕುರಿಗಳಿಗೆಂದೇ ತಯಾರಿಸಿದ, ತಾಮ್ರ ಸೇರಿಸದ ಮಿಶ್ರಣವನ್ನು ಮಾತ್ರ ಕೊಡಿ. ಗೊರಸು ಕೊಳೆತರೆ ಮೈಲುತುತ್ತದ ನೀರಿನಲ್ಲಿ ಕಾಲು ಅದ್ದಿಸುವ ರೂಢಿಯೂ ನಿಮ್ಮಲ್ಲಿದ್ದರೆ ಬಿಡಿ, ಕುರಿಗಳು ಆ ನೀರನ್ನೇ ಕುಡಿದುಬಿಡುತ್ತವೆ. ನೂರಕ್ಕೆ ಹತ್ತರಷ್ಟು ಸತುವಿನ ಸಲ್ಫೇಟ್ ಬೆರೆಸಿದ ನೀರು ಅದೇ ಕೆಲಸ ಮಾಡುತ್ತದೆ. ಕೇಳದೆ ಹೇಳುವ ಒಂದು ಅಭಿಪ್ರಾಯವಿದೆ: ಬಯಲುಸೀಮೆಯ ಕುರಿಗೆ ಮಲೆನಾಡಿನ ಮಳೆ, ಜಿಗಣೆ, ಒದ್ದೆ ನೆಲ ಯಾವುದೂ ಹೊಂದುವುದಿಲ್ಲ. ಕಳೆಗೆ ಕುರಿಗಿಂತ ಕಳೆ ಕೊಚ್ಚುವ ಯಂತ್ರವೇ ನಿಮಗೆ ಅಗ್ಗವಾಗಬಹುದು.

ಮೈಸೂರಿನ ಓದುಗರು: ಮದುವೆ ದಿಬ್ಬಣಗಳಿಗೆಂದು ಒಂದು ಹೆಣ್ಣುಕುದುರೆ ಸಾಕಿದ್ದೇನೆ. ಕಳೆದ ಭಾನುವಾರ ದಿಬ್ಬಣ ಮುಗಿಸಿ ಬಂದ ಮೇಲೆ ಮದುವೆ ಮನೆಯವರು ಪ್ರೀತಿಯಿಂದ ಒಂದು ಬಕೆಟ್ ಅನ್ನ, ಲಾಡು ತಿನ್ನಿಸಿದರು. ರಾತ್ರಿ ಕುದುರೆ ಕಾಲು ಕೆರೆಯುತ್ತ, ಹೊಟ್ಟೆಯ ಕಡೆ ತಿರುಗಿ ನೋಡುತ್ತ, ಮಲಗಿ ಹೊರಳಾಡಿತು. ನಮ್ಮ ತಂದೆಯವರು ಇಂಗು ಕರಗಿಸಿದ ಹರಳೆಣ್ಣೆಯನ್ನು ಬಾಟಲಿಯಲ್ಲಿ ಕುಡಿಸಿ ಎನ್ನುತ್ತಾರೆ. ಈ ಬಾರಿ ತಾನಾಗಿಯೇ ಸರಿಹೋಯಿತು. ಮುಂದೆ ಹೀಗಾದರೆ ಎಣ್ಣೆ ಕುಡಿಸಬಹುದೇ?

ಉತ್ತರ: ಕುಡಿಸಬೇಡಿ. ನಮ್ಮೂರಿನಲ್ಲಿ ಟಾಂಗಾ ಓಡಿಸುತ್ತಿದ್ದ ಹಿರಿಯರೊಬ್ಬರ ಬಳಿ ಬಿಳಿಯ ಕುದುರೆಯಿತ್ತು. ಸ್ಕೂಲಿನಿಂದ ಬರುವಾಗ ನಾವು ಅದಕ್ಕೆ ಕಬ್ಬಿನ ಸೋಗೆ ತಿನ್ನಿಸುತ್ತಿದ್ದೆವು. ಒಂದು ಸಂಜೆ ಹೊಟ್ಟೆನೋವಿನಿಂದ ಅದು ಹೊರಳಾಡಿದಾಗ ನಾಲ್ಕು ಜನ ಸೇರಿ ಅದರ ತಲೆಯನ್ನು ಮೇಲಕ್ಕೆತ್ತಿ ಹಗ್ಗ ಬಿಗಿದು, ಬಿಯರ್ ಬಾಟಲಿಯಲ್ಲಿ ಹರಳೆಣ್ಣೆ ಸುರಿದರು. ಕುದುರೆ ಒಮ್ಮೆ ಕೆಮ್ಮಿತು, ಎಣ್ಣೆ ಎರಡೂ ಮೂಗಿನ ಹೊಳ್ಳೆಗಳಿಂದ ಹೊರಗೆ ಬಂತು. ಹೊಟ್ಟೆನೋವು ಮರುದಿನ ಇಳಿಯಿತು, ಆದರೆ ಮೂರನೆಯ ದಿನ ಅದು ಉಸಿರಾಡಲಾರದೆ ಸತ್ತಿತು. ಎಣ್ಣೆ ಶ್ವಾಸಕೋಶಕ್ಕೆ ಇಳಿದಿತ್ತೆಂದು ನನಗೆ ತಿಳಿದದ್ದು ಹತ್ತು ವರ್ಷದ ಮೇಲೆ, ಪಶುವೈದ್ಯಕೀಯ ಕಾಲೇಜಿನ ತರಗತಿಯಲ್ಲಿ ಕುಳಿತಿದ್ದಾಗ. ವೈದ್ಯರೂ ಎಣ್ಣೆ ಕೊಡುವುದುಂಟು, ಆದರೆ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ, ಅದು ಹೊಟ್ಟೆಯಲ್ಲೇ ಇದೆಯೆಂದು ಖಚಿತಪಡಿಸಿಕೊಂಡು ಕೊಡುತ್ತಾರೆ.

ಕುದುರೆಯ ಹೊಟ್ಟೆಯ ರಚನೆಯೇ ಇಂಥ ತೊಂದರೆಗೆ ದಾರಿ ಮಾಡಿಕೊಡುತ್ತದೆ. ಅಷ್ಟು ದೊಡ್ಡ ದೇಹಕ್ಕೆ ಜಠರ ಹಿಡಿಯುವುದು ಎಂಟರಿಂದ ಹದಿನೈದು ಲೀಟರ್ ಮಾತ್ರ, ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ, ಮತ್ತು ಹುಲ್ಲಿನ ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳು ಇರುವುದು ಹಿಂಭಾಗದ ದೊಡ್ಡಕರುಳಿನಲ್ಲಿ. ಒಂದು ಬಕೆಟ್ ಅನ್ನ ಒಮ್ಮೆಲೇ ಹೋದರೆ ಜಠರ ಉಬ್ಬುತ್ತದೆ, ಮಿಕ್ಕಿದ್ದು ದೊಡ್ಡಕರುಳಿನಲ್ಲಿ ಹುಳಿಯುತ್ತದೆ. ಹೊಟ್ಟೆನೋವು ಇಳಿದರೂ ಎರಡು ಮೂರು ದಿನದ ಮೇಲೆ ಗೊರಸಿನೊಳಗಿನ ಸೂಕ್ಷ್ಮ ಪದರಗಳು ಉರಿಗೊಂಡು ಕುದುರೆ ಕಾಲೂರಲಾರದ ಸ್ಥಿತಿಗೆ ಬರಬಹುದು. ಆದ್ದರಿಂದ ಈ ವಾರ ಗೊರಸುಗಳನ್ನು ದಿನವೂ ಮುಟ್ಟಿ ನೋಡಿ. ಅವು ಬಿಸಿಯಾಗಿದ್ದು, ಕುದುರೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಭಾರವನ್ನು ಹಿಂದಕ್ಕೆ ಹಾಕಿ ನಿಲ್ಲುತ್ತಿದ್ದರೆ ತಡಮಾಡದೆ ವೈದ್ಯರನ್ನು ಕರೆಸಿ.

ಮತ್ತೆ ಹೊಟ್ಟೆನೋವು ಬಂದರೆ ಮೇವನ್ನು ತೆಗೆದುಬಿಡಿ, ನೀರು ಇರಲಿ, ಹೊರಳಾಡುತ್ತಿದ್ದರೆ ನಿಧಾನವಾಗಿ ನಡೆಸಿ. ಆದರೆ ಸುಸ್ತಾಗುವವರೆಗೆ ನಡೆಸಬೇಡಿ, ಸುಮ್ಮನೆ ಮಲಗಿದ್ದರೆ ಎಬ್ಬಿಸಲೂ ಬೇಡಿ. ದವಡೆಯ ಅಂಚಿನಲ್ಲಿ ಕೆಳಗೆ ಹಾಯುವ ರಕ್ತನಾಳದ ಮೇಲೆ ಬೆರಳಿಟ್ಟು ನಾಡಿ ಎಣಿಸುವುದನ್ನು ಇಂದೇ ಕಲಿತುಕೊಳ್ಳಿ. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44 ಇರುತ್ತದೆ. ಅದು 60 ದಾಟಿದ್ದು, ಲದ್ದಿ ಬೀಳದೆ, ಮೈ ಬೆವರುತ್ತಿದ್ದರೆ ರಾತ್ರಿ ಎಷ್ಟೇ ಹೊತ್ತಾಗಿದ್ದರೂ ಫೋನ್ ಮಾಡಬೇಕು. ದಿಬ್ಬಣದವರು ಏನಾದರೂ ಕೊಡಲೇಬೇಕೆಂದರೆ ಒಂದೆರಡು ಕ್ಯಾರೆಟ್ ಕೊಡಲಿ. ನಮ್ಮ ಹಿರಿಯರು ಕುದುರೆಗೆ ಹುರುಳಿ ಕೊಡುತ್ತಿದ್ದದ್ದೂ ನೆನೆಸಿ ಅಥವಾ ಬೇಯಿಸಿ, ಹೊತ್ತಿಗಿಷ್ಟೆಂದು ಅಳೆದೇ. ಹಾಗೆಯೇ ಧನುರ್ವಾಯುವಿನ ಲಸಿಕೆ ಹಾಕಿಸಿಲ್ಲವಾದರೆ ಹಾಕಿಸಿಬಿಡಿ. ಆ ರೋಗಕ್ಕೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಸಾಕುಪ್ರಾಣಿ ಇಲ್ಲ, ದಿಬ್ಬಣದ ರಸ್ತೆಯಲ್ಲಿ ಮೊಳೆಗಳಿಗೂ ಬರವಿಲ್ಲ.

ವಿಜಯಪುರ ಜಿಲ್ಲೆಯ ಓದುಗರು: ಕೂಳೆ ಜೋಳ ಮೇದ ಎಮ್ಮೆ ಕಾಲು ಗಂಟೆಯಲ್ಲಿ ಸತ್ತಿತು. ಅದೇ ಹೊಲದ ಕಣಿಕೆಯನ್ನು ಎಲ್ಲ ದನಗಳೂ ತಿನ್ನುತ್ತವೆ, ಅವಕ್ಕೇಕೆ ಏನೂ ಆಗುವುದಿಲ್ಲ?

ಉತ್ತರ: ಕೊಯ್ದ ಕೂಳೆಯಿಂದ ಹೊರಡುವ ಚಿಗುರಿನಲ್ಲಿ, ಅದರಲ್ಲೂ ಮಳೆ ಕೈಕೊಟ್ಟು ಬಾಡಿ ಮತ್ತೆ ಚಿಗುರಿದಾಗ, ಸಯನೈಡ್ ಬಿಡುಗಡೆ ಮಾಡುವ ಪದಾರ್ಥ ಅತಿ ಹೆಚ್ಚಾಗಿರುತ್ತದೆ. ಗಿಡ ಬಲಿತಂತೆ ಅದು ಕಡಿಮೆಯಾಗುತ್ತದೆ, ಚೆನ್ನಾಗಿ ಒಣಗಿದ ಕಣಿಕೆಯಲ್ಲಿ ಬಹುಪಾಲು ಹಾರಿಹೋಗಿರುತ್ತದೆ. ಮೊಣಕಾಲೆತ್ತರದ ಜೋಳಕ್ಕೆ ದನವನ್ನು ಬಿಡದಿರುವುದೇ ಕ್ಷೇಮ. ಹೂವಾಡಿದ ಮೇಲೆ ಕೊಯ್ದು ಹಾಕಿ. ಇನ್ನೊಮ್ಮೆ ಹೀಗೆ ಪ್ರಾಣಿ ಏದುಸಿರು ಬಿಡುತ್ತ ತೂರಾಡಿದರೆ, ಬಾಯಿಯ ಒಳಭಾಗ ಕಡುಗೆಂಪಾಗಿ ಕಂಡರೆ, ಅದನ್ನು ಓಡಿಸದೆ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ ಜೋಳ ತಿಂದಿದೆ ಎಂಬ ಮಾತನ್ನೇ ಮೊದಲು ಹೇಳಿ. ರಕ್ತನಾಳಕ್ಕೆ ಕೊಡುವ ಸೋಡಿಯಂ ಥಯೋಸಲ್ಫೇಟ್ ಇದಕ್ಕೆ ನಿಜವಾದ ಮದ್ದು, ಅದು ನಿಮಿಷಗಳ ಲೆಕ್ಕದಲ್ಲಿ ಸಿಗಬೇಕು.

ಶಿರಾ ಕಡೆಯ ಓದುಗರು: ಸಂತೆಯಿಂದ ಟಗರು ತರುವಾಗ ಏನು ನೋಡಬೇಕು? ತಂದ ದಿನವೇ ಮಂದೆಗೆ ಬಿಡಬಹುದೇ?

ಉತ್ತರ: ಬಾಯಿ ತೆರೆದು ನೋಡಿ: ಎಲ್ಲ ಹಾಲುಹಲ್ಲೇ ಇದ್ದರೆ ವರ್ಷದೊಳಗಿನದು, ಎರಡು ದೊಡ್ಡ ಹಲ್ಲು ಬಂದಿದ್ದರೆ ಒಂದರಿಂದ ಒಂದೂವರೆ ವರ್ಷದ್ದು, ಎಂಟೂ ಬಂದಿದ್ದರೆ ನಾಲ್ಕರ ಆಸುಪಾಸು. ಎರಡು ಅಥವಾ ನಾಲ್ಕು ಹಲ್ಲಿನ ಟಗರು ಮಂದೆಗೆ ಒಳ್ಳೆಯದು. ಬೀಜ ಎರಡೂ ಸಮನಾಗಿ, ಗಟ್ಟಿಯಾಗಿ ಇರಬೇಕು. ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಗೆ ಎಳೆದು ನೋಡಿ, ಒಳಗೆ ಕೆಂಪಿಲ್ಲದೆ ಕಾಗದದಂತೆ ಬಿಳಿಚಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಜಂತುಗಳಿವೆ. ಕೊಂಬಿಗೆ ಎಣ್ಣೆ, ಮೈಗೆ ಬಣ್ಣ ಹಚ್ಚಿದ್ದಕ್ಕೆ ಬೆಲೆ ಕೊಡಬೇಡಿ.

ತಂದ ದಿನವೇ ಮಂದೆಗೆ ಬಿಡಬೇಡಿ. ಮೂರು ವಾರ ಬೇರೆ ದೊಡ್ಡಿಯಲ್ಲಿ, ಬೇರೆ ನೀರಿನ ತೊಟ್ಟಿಯ ಬಳಿ ಇಟ್ಟುಕೊಳ್ಳಿ. ಹಿರೇಬೇನೆ, ಸಿಡುಬು ಯಾವುದಿದ್ದರೂ ಅಷ್ಟರಲ್ಲಿ ಹೊರಗೆ ಕಾಣುತ್ತದೆ. ಆಸ್ಪತ್ರೆಯಲ್ಲಿ ಪಿ.ಪಿ.ಆರ್. ಎನ್ನುವ ಹಿರೇಬೇನೆಗೆ ಒಮ್ಮೆ ಲಸಿಕೆ ಹಾಕಿಸಿದರೆ ಕನಿಷ್ಠ ಮೂರು ವರ್ಷ ಚಿಂತೆಯಿಲ್ಲ. ಅದರ ಸೋದರಸಂಬಂಧಿ ವೈರಸ್ಸಿನಿಂದ ಬರುತ್ತಿದ್ದ, ಊರೂರಿನ ದನಗಳನ್ನು ಬರಿದು ಮಾಡುತ್ತಿದ್ದ ದೊಡ್ಡರೋಗ (ರಿಂಡರ್‌ಪೆಸ್ಟ್) 2011ರಲ್ಲಿ ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಣೆಯಾದದ್ದು ಲಸಿಕೆಯ ಬಲದಿಂದಲೇ. ಒಂದು ಟಗರಿಗೆ ಇಪ್ಪತ್ತೈದರಿಂದ ಮೂವತ್ತು ಕುರಿ ಸಾಕು, ಎರಡು ವರ್ಷಕ್ಕೊಮ್ಮೆ ಟಗರನ್ನು ಬದಲಾಯಿಸಿ. ಇಲ್ಲವಾದರೆ ಅದು ತನ್ನ ಮಕ್ಕಳನ್ನೇ ಕೂಡುತ್ತದೆ.

ಬನ್ನೂರಿನ ಬಳಿಯ ಗೃಹಿಣಿ: ನಮ್ಮ ಕುರಿ ಅವಳಿ ಮರಿ ಹಾಕಿ ಒಂದನ್ನು ಮಾತ್ರ ಹತ್ತಿರ ಸೇರಿಸುತ್ತದೆ, ಇನ್ನೊಂದನ್ನು ತಲೆಯಿಂದ ಗುದ್ದುತ್ತದೆ. ಹಿಂದಿನ ವರ್ಷ ಇಂಥದೇ ಮರಿಗೆ ಹಸುವಿನ ಹಾಲು ಕುಡಿಸಿದೆ, ಎರಡೇ ದಿನ ಬದುಕಿತು. ನನ್ನಿಂದ ಏನು ತಪ್ಪಾಯಿತು?

ಉತ್ತರ: ಹಾಲು ಕೊಟ್ಟದ್ದರಲ್ಲಿ ತಪ್ಪಿಲ್ಲ, ಗಿಣ್ಣುಹಾಲು ಕೊಡದೆ ಉಳಿದದ್ದು ಮುಳುವಾಗಿರಬೇಕು. ಕುರಿಮರಿ ಹುಟ್ಟುವಾಗ ಅದರ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಇಲ್ಲವೆಂದೇ ಹೇಳಬಹುದು. ಅದೆಲ್ಲ ಬರಬೇಕಾದದ್ದು ಗಿಣ್ಣುಹಾಲಿನಿಂದ, ಅದನ್ನು ಹಾಗೆಯೇ ಹೀರಿಕೊಳ್ಳುವ ಕರುಳಿನ ಬಾಗಿಲು ಮೊದಲ ಆರು ಗಂಟೆ ಚೆನ್ನಾಗಿ ತೆರೆದಿದ್ದು ಒಂದು ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಎರಡೂವರೆ ಕೆ.ಜಿ. ತೂಕದ ಮರಿಗೆ ಒಂದು ಸಲಕ್ಕೆ ಸುಮಾರು 125 ಮಿ.ಲೀ.ನಂತೆ ಮೊದಲ ದಿನ ನಾಲ್ಕು ಸಲ ಸಿಗಬೇಕು.

ಕುರಿಯ ಕೆಚ್ಚಲನ್ನು ಮೊದಲು ಮುಟ್ಟಿ ನೋಡಿ. ಒಂದು ಮಗ್ಗುಲು ಬಿಸಿಯಾಗಿ ಗಟ್ಟಿಯಾಗಿದ್ದರೆ ಕೆಚ್ಚಲುಬಾವಿನ ನೋವಿಗೇ ಅದು ಮರಿಯನ್ನು ದೂಡುತ್ತಿರಬಹುದು, ಆಗ ಚಿಕಿತ್ಸೆ ತಾಯಿಗೆ ಬೇಕು. ಕೆಚ್ಚಲು ಸರಿಯಿದ್ದರೆ ತಾಯಿಯನ್ನೂ ಎರಡೂ ಮರಿಗಳನ್ನೂ ಎರಡು ಮೂರು ದಿನ ಚಿಕ್ಕ ದೊಡ್ಡಿಯಲ್ಲಿ ಪ್ರತ್ಯೇಕವಾಗಿ ಇರಿಸಿ. ಕುರಿ ತನ್ನ ಮರಿಯನ್ನು ಗುರುತಿಸುವುದು ಮೂಗಿನಿಂದ. ಒಪ್ಪಿದ ಮರಿಯ ಮೈಯ ಒದ್ದೆಯನ್ನೂ, ತಾಯಿಯದೇ ಹಾಲನ್ನೂ ಒಪ್ಪದ ಮರಿಯ ಬೆನ್ನಿಗೆ, ಬಾಲದ ಬುಡಕ್ಕೆ ಸವರಿ, ದಿನಕ್ಕೆ ಐದಾರು ಬಾರಿ ತಾಯಿಯ ತಲೆಯನ್ನು ಹಿಡಿದು ನಿಲ್ಲಿಸಿ ಕುಡಿಸಿದರೆ ಸಾಮಾನ್ಯವಾಗಿ ಮೂರನೆಯ ದಿನಕ್ಕೆ ಒಗ್ಗುತ್ತದೆ. ಬಾಟಲಿಯಲ್ಲಿ ಕೊಡಬೇಕಾಗಿ ಬಂದರೆ ಮರಿಯನ್ನು ಕೂಸಿನಂತೆ ಮಡಿಲಲ್ಲಿ ಅಂಗಾತ ಮಲಗಿಸಬೇಡಿ. ನಾಲ್ಕೂ ಕಾಲ ಮೇಲೆ ನಿಲ್ಲಿಸಿ, ಕತ್ತನ್ನು ತುಸು ಎತ್ತಿಸಿ ಕುಡಿಸಿ. ಬಾಯಿಯೊಳಗೆ ಬೆರಳಿಟ್ಟಾಗ ತಣ್ಣಗಿದ್ದರೆ ಆ ಮರಿಗೆ ಮೊದಲು ಬೇಕಾದದ್ದು ಹಾಲಲ್ಲ, ಶಾಖ. ಗೋಣಿಚೀಲದಲ್ಲಿ ಸುತ್ತಿ ಒಲೆಯ ಹತ್ತಿರ ಇಟ್ಟು, ಬಾಯಿ ಬೆಚ್ಚಗಾದ ಮೇಲೆ ಕುಡಿಸಿ.

ನಿಮ್ಮ ಮನೆಯಲ್ಲಿ ಹಸುವೂ ಇರುವುದರಿಂದ ಅದು ಕರು ಹಾಕಿದ ದಿನ ಗಿಣ್ಣು ಮಾಡುವುದಕ್ಕೆ ಮುಂಚೆ ಎರಡು ಲೋಟ ಹಸಿ ಗಿಣ್ಣುಹಾಲನ್ನು ಚಿಕ್ಕ ಚಿಕ್ಕ ಡಬ್ಬಿಗಳಲ್ಲಿ ಹಾಕಿ, ಮೇಲೆ ತಾರೀಖು ಬರೆದು, ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿ ಇಟ್ಟುಬಿಡಿ. ಬೇಕಾದಾಗ ಡಬ್ಬಿಯನ್ನು ಕೈ ತಾಳುವಷ್ಟು ಬಿಸಿಯ ನೀರಿನಲ್ಲಿ ಕೂರಿಸಿ ಕರಗಿಸಬೇಕು; ಒಲೆಯ ಮೇಲಿಟ್ಟರೆ ಅದು ಒಡೆದು ಗಿಣ್ಣೇ ಆಗುತ್ತದೆ.